ಮೇಲೇರುವ ಬಂಡೆ: ಗಮನ, ಗ್ರಹಿಕೆ ಮತ್ತು ಅಭ್ಯಾಸದ ಮನೋವಿಜ್ಞಾನ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)

ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಬೇಡ್ತಿ ನದಿ ಎರಡು ಹಂತಗಳಲ್ಲಿ ಧುಮುಕಿ ಸುಮಾರು 200 ಮೀಟರ್ ಆಳದ ಕಮರಿಗೆ ಇಳಿಯುತ್ತದೆ. ಮಳೆಗಾಲದ ಕೊನೆಗೆ ಮಂಜು ಸರಿದು ಧಾರೆ ಇನ್ನೂ ದಪ್ಪವಾಗಿರುವ ದಿನಗಳಲ್ಲಿ, ಆ ಬಿಳಿಯ ನೀರಿನ ಒಂದೇ ತಾಣದ ಮೇಲೆ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ದೃಷ್ಟಿ ನೆಟ್ಟು, ಅನಂತರ ಪಕ್ಕದ ಬಂಡೆಯತ್ತ ಕಣ್ಣು ಹೊರಳಿಸಿದರೆ, ಅಲುಗಾಡದ ಆ ಬಂಡೆ ಕೆಲವು ಕ್ಷಣಗಳ ಕಾಲ ನಿಧಾನವಾಗಿ ಮೇಲಕ್ಕೆ ಏರುತ್ತಿರುವಂತೆ ತೋರುತ್ತದೆ. ಮಾಗೋಡಿನ ಧಾರೆಯನ್ನು ನೋಡುವುದು ಕಮರಿಯ ಆಚೆಯಿಂದಾದ್ದರಿಂದ ಹಾಗೆ ಏರುವಂತೆ ಕಾಣುವುದು ಬಂಡೆಯ ಒಂದು ಕಿರಿದಾದ ಪಟ್ಟಿ ಮಾತ್ರ. ನೀರಿನ ಹತ್ತಿರಕ್ಕೇ ಹೋಗಬಹುದಾದ ಸಾತೊಡ್ಡಿ ಜಲಪಾತದಲ್ಲಿ ಅಂಥ ಪಟ್ಟಿ ಕಣ್ಣಿನ ಹೆಚ್ಚಿನ ಭಾಗವನ್ನು ಆವರಿಸುತ್ತದೆ. ಒಂದೇ ದಿಕ್ಕಿನ ಚಲನೆಯನ್ನು ಬಹಳ ಹೊತ್ತು ನೋಡಿದ ಮೇಲೆ ನಿಶ್ಚಲ ವಸ್ತು ಎದುರು ದಿಕ್ಕಿಗೆ ಚಲಿಸಿದಂತೆ ಕಾಣುವ ಈ ಅನುಭವಕ್ಕೆ ಮನೋವಿಜ್ಞಾನದಲ್ಲಿ ಚಲನೋತ್ತರ ಪರಿಣಾಮ ಎಂಬ ಹೆಸರಿದೆ. ರೂಢಿಯಲ್ಲಿ ಅದು ಜಲಪಾತ ಭ್ರಮೆ.

ಗಮನ ಮತ್ತು ಗ್ರಹಿಕೆ ಎಂಬ ಎರಡು ವಿಷಯಗಳ ಚರ್ಚೆಯನ್ನು ಈ ಭ್ರಮೆಯಿಂದ ಆರಂಭಿಸುವುದು ಸ್ಥಳದ ಮೇಲಿನ ಅಭಿಮಾನದಿಂದಷ್ಟೇ ಅಲ್ಲ. ಇಂದ್ರಿಯಕ್ಕೆ ತಾಗಿದ ಬೆಳಕು, ಸದ್ದು, ವಾಸನೆಗಳಿಂದ ವಸ್ತುಗಳಿರುವ ಒಂದು ಜಗತ್ತನ್ನು ಮನಸ್ಸು ಕಟ್ಟಿಕೊಳ್ಳುವ ಕ್ರಿಯೆಯನ್ನು ಗ್ರಹಿಕೆ ಎನ್ನುವುದಾದರೆ, ಹಾಗೆ ತಾಗಿದ ಅಸಂಖ್ಯ ಸಂಗತಿಗಳಲ್ಲಿ ಕೆಲವನ್ನೇ ಎತ್ತಿಕೊಂಡು ಉಳಿದವನ್ನು ಬದಿಗಿಡುವ ಕ್ರಿಯೆ ಗಮನ. ಗಮನವೆಂದರೆ ಮನಸ್ಸಿನ ಒಂದು ಶಕ್ತಿ, ಅಭ್ಯಾಸದಿಂದ ಅದು ದೊಡ್ಡದಾಗುತ್ತದೆ, ಸೋಮಾರಿತನದಿಂದ ಕುಗ್ಗುತ್ತದೆ ಎಂಬುದು ಶಾಲೆಯ ಜಗಲಿಯಿಂದ ಪತ್ರಿಕೆಯ ಅಂಕಣದವರೆಗೆ ಹಬ್ಬಿರುವ ನಂಬಿಕೆ. ಕಳೆದ ಒಂದು ಶತಮಾನದ ಪ್ರಯೋಗಗಳು ಹೇಳುವುದು ಬಹುಮಟ್ಟಿಗೆ ಬೇರೆಯೇ: ಅಭ್ಯಾಸದಿಂದ ಗಮನದ ಗಾತ್ರ ಹೆಚ್ಚುವುದಿಲ್ಲ, ಗಮನವನ್ನು ಬೇಡುವ ಕೆಲಸದ ಭಾಗ ಕಡಿಮೆಯಾಗುತ್ತದೆ. ಈ ಉಪನ್ಯಾಸ ಜಲಪಾತದಿಂದ ಅಡಿಕೆಯ ರಾಶಿಗೆ, ಅಲ್ಲಿಂದ ಅವಧಾನದ ವೇದಿಕೆಗೆ ಹೋಗುವುದು ಈ ಒಂದು ಮಾತನ್ನು ಪರೀಕ್ಷಿಸುವುದಕ್ಕಾಗಿ.

ಭ್ರಮೆಯ ಚರಿತ್ರೆ ಉದ್ದನೆಯದು. ಹರಿಯುವ ನೀರನ್ನು ನೋಡಿ ಕಣ್ಣು ತೆಗೆದಾಗ ನಿಂತ ವಸ್ತುಗಳೂ ಚಲಿಸಿದಂತೆ ಕಾಣುತ್ತವೆ ಎಂದು ಅರಿಸ್ಟಾಟಲ್ ಕನಸುಗಳ ಕುರಿತ ತನ್ನ ಪ್ರಬಂಧದಲ್ಲಿ ಗುರುತಿಸಿದ್ದನು. ಯಾವ ದಿಕ್ಕಿಗೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ರಾಬರ್ಟ್ ಆಡಮ್ಸ್ ಎಂಬಾತ ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಎದುರು ನಿಂತು, ಪಕ್ಕದ ಬಂಡೆಗಳು ನೀರಿನ ವೇಗಕ್ಕೆ ತಕ್ಕಂತೆ ಮೇಲಕ್ಕೆ ಏರುವುದನ್ನು ಕಂಡು, 1834ರಲ್ಲಿ ಅದನ್ನು ವಿವರವಾಗಿ ಪ್ರಕಟಿಸಿದ ಮೇಲೆ ಜಲಪಾತದ ಹೆಸರು ಈ ಅನುಭವಕ್ಕೆ ಅಂಟಿಕೊಂಡಿತು. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ ಅಘನಾಶಿನಿ ಧುಮುಕುವ ತಾಣವನ್ನು ಅಲ್ಲಿನ ಮೊರೆತಕ್ಕಾಗಿ ಕೆಪ್ಪಜೋಗವೆಂದು ಕರೆದ ಜನ, ಅದೇ ನೀರು ಕಣ್ಣಿಗೆ ಮಾಡುವುದನ್ನು ಗಮನಿಸದೆ ಇದ್ದಿರಲಾರರು. ಬರೆದಿಡಲು ಮಾತ್ರ ಯಾರೂ ಹೋಗಲಿಲ್ಲ.

ಭ್ರಮೆಗೆ ಕಾರಣವೇನು ಎಂಬ ಪ್ರಶ್ನೆಗೆ ಗಟ್ಟಿಯಾದ ಉತ್ತರ ಸಿಕ್ಕಿದ್ದು 1963ರಲ್ಲಿ. ಹೊರೇಸ್ ಬಾರ್ಲೋ ಮತ್ತು ರಿಚರ್ಡ್ ಹಿಲ್ ಎಂಬ ಶರೀರವಿಜ್ಞಾನಿಗಳು ಮೊಲದ ಅಕ್ಷಿಪಟಲದಲ್ಲಿ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಡಿಯುವ ತೆಳುಪದರದಲ್ಲಿ, ಒಂದು ನಿರ್ದಿಷ್ಟ ದಿಕ್ಕಿನ ಚಲನೆಗೆ ಮಾತ್ರ ಸ್ಪಂದಿಸುವ ನರಕೋಶಗಳ ಮೇಲೆ ಪ್ರಯೋಗ ನಡೆಸಿ, ಆ ದಿಕ್ಕಿನ ಚಲನೆಯನ್ನು ಬಹಳ ಹೊತ್ತು ತೋರಿಸಿ ನಿಲ್ಲಿಸಿದಾಗ ಕೋಶದ ಸಂಕೇತಗಳು ವಿಶ್ರಾಂತ ಸ್ಥಿತಿಯ ಮಟ್ಟಕ್ಕಿಂತಲೂ ಕೆಳಗಿಳಿಯುತ್ತವೆ ಎಂದು ಅಳೆದು ತೋರಿಸಿದರು. ಮಾನವರಲ್ಲಿ ಈ ಕೆಲಸ ಮುಖ್ಯವಾಗಿ ನಡೆಯುವುದು ಕಣ್ಣಿನಲ್ಲಲ್ಲ, ಮಿದುಳಿನ ತೊಗಟೆಯಲ್ಲಿ. ಒಂದು ಕಣ್ಣನ್ನು ಮುಚ್ಚಿ ಧಾರೆಯನ್ನು ನೋಡಿ, ಅನಂತರ ಮುಚ್ಚಿದ್ದ ಕಣ್ಣಿನಿಂದ ಮಾತ್ರ ಬಂಡೆಯನ್ನು ನೋಡಿದರೂ ಭ್ರಮೆ ಸ್ವಲ್ಪ ದುರ್ಬಲವಾಗಿಯಾದರೂ ಕಾಣಿಸಿಕೊಳ್ಳುತ್ತದೆ ಎಂಬುದು ಎರಡೂ ಕಣ್ಣುಗಳ ಸುದ್ದಿ ಕೂಡಿದ ಮೇಲಿನ ಹಂತವೊಂದು ಇದರಲ್ಲಿ ಪಾಲುಗೊಂಡಿದೆ ಎಂಬುದಕ್ಕೆ ಸುಲಭದ ಸಾಕ್ಷಿ. ಬಂಡೆ ನಿಂತಿದೆ ಎಂಬ ತೀರ್ಮಾನವು ಕೆಳಮುಖ ಚಲನೆಯನ್ನು ಹೇಳುವ ಕೋಶಗಳೂ ಮೇಲ್ಮುಖ ಚಲನೆಯನ್ನು ಹೇಳುವ ಕೋಶಗಳೂ ಸಮಬಲದಲ್ಲಿ ಇರುವುದರಿಂದ ಹುಟ್ಟುವ ಲೆಕ್ಕಾಚಾರ; ಕೆಳಮುಖದ ಕೋಶಗಳು ದಣಿದಾಗ ತಕ್ಕಡಿ ಮೇಲ್ಮುಖದ ಕಡೆಗೆ ವಾಲುತ್ತದೆ. ನಿಶ್ಚಲತೆಯೂ ಕಣ್ಣಿಗೆ ನೇರವಾಗಿ ಸಿಗುವುದಲ್ಲ, ಅದೂ ಒಂದು ಹೋಲಿಕೆಯ ಫಲ.

ಈ ಭ್ರಮೆಯ ಅತ್ಯಂತ ವಿಚಿತ್ರವಾದ ಅಂಶದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಬಂಡೆ ಏರುತ್ತದೆ, ಆದರೆ ಎಲ್ಲಿಗೂ ಹೋಗುವುದಿಲ್ಲ. ಅದರ ಮೇಲೆ ಬೆಳೆದ ಗಿಡ ಇದ್ದಲ್ಲಿಯೇ ಇದೆ, ಅಂಚು ಸರಿದಿಲ್ಲ, ಆದರೂ ಚಲನೆ ಕಾಣುತ್ತಿದೆ. ಸ್ಥಳ ಬದಲಾಗದ ಚಲನೆ ಭೌತಶಾಸ್ತ್ರದಲ್ಲಿ ಅಸಂಬದ್ಧ; ಗ್ರಹಿಕೆಯಲ್ಲಿ ಅದು ಸಾಧ್ಯವಾಗುವುದು ಚಲನೆ ಮತ್ತು ಸ್ಥಾನ ಇವೆರಡನ್ನೂ ಮಿದುಳು ಬೇರೆ ಬೇರೆ ಕಡೆ ಲೆಕ್ಕ ಹಾಕಿ, ಲೆಕ್ಕಗಳು ಒಂದಕ್ಕೊಂದು ಹೊಂದದಿದ್ದಾಗಲೂ ಎರಡನ್ನೂ ಒಟ್ಟಿಗೆ ಮುಂದಿಡುವುದರಿಂದ. 1983ರಲ್ಲಿ ಜರ್ಮನಿಯ ಜೋಸೆಫ್ ಝೀಲ್ ಮತ್ತು ಸಂಗಡಿಗರು ವರದಿ ಮಾಡಿದ ರೋಗಿಯೊಬ್ಬರ ಪ್ರಕರಣ ಇದರ ಇನ್ನೊಂದು ಮುಖ. ಮಿದುಳಿನ ಹಿಂಭಾಗದ ಎರಡೂ ಬದಿಗೆ ಹಾನಿಯಾಗಿದ್ದ ಆ ಮಹಿಳೆಗೆ ಬಣ್ಣ, ಆಕಾರ, ಸ್ಥಾನ ಎಲ್ಲವೂ ಕಾಣುತ್ತಿದ್ದವು, ಚಲನೆ ಮಾತ್ರ ಕಾಣುತ್ತಿರಲಿಲ್ಲ. ಬಟ್ಟಲಿಗೆ ಸುರಿಯುವ ಚಹಾ ಹೆಪ್ಪುಗಟ್ಟಿದಂತೆ ತೋರುತ್ತಿತ್ತು, ದೂರದಲ್ಲಿದ್ದ ವಾಹನ ನಡುವಿನ ಹಾದಿಯಿಲ್ಲದೆ ಹತ್ತಿರಕ್ಕೆ ಬಂದುಬಿಡುತ್ತಿತ್ತು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಗಮನಕ್ಕೆ ಪಾತ್ರವೇ ಇಲ್ಲ ಎಂದು ತೋರಬಹುದು. ಕಣ್ಣು ನೆಟ್ಟರೆ ಸಾಕು, ಮನಸ್ಸು ಎಲ್ಲಿದ್ದರೂ ಕೋಶಗಳು ದಣಿಯಬೇಕಲ್ಲ? 1911ರಲ್ಲಿ ಈ ಭ್ರಮೆಯ ಮೇಲೆ ಇಡೀ ಗ್ರಂಥವನ್ನೇ ಬರೆದ ಅಡಾಲ್ಫ್ ವೋಲ್ಗೆಮುಟ್‌ನ ತೀರ್ಮಾನವೂ ಅದೇ ಆಗಿತ್ತು. ಚಲನೆಯನ್ನು ನೋಡುವಾಗ ಮನಸ್ಸನ್ನು ಬೇರೆ ಕೆಲಸದಲ್ಲಿ ತೊಡಗಿಸಿದರೂ ಪರಿಣಾಮ ತಗ್ಗುವುದಿಲ್ಲ ಎಂದು ಅವನು ಕಂಡಿದ್ದನು. ಸುಮಾರು ಎಂಟು ದಶಕಗಳ ನಂತರ, 1990ರಲ್ಲಿ, ಅವಿ ಚೌಧುರಿ ಅದನ್ನು ಅಲ್ಲಗಳೆದರು. ಚಲಿಸುವ ಹಿನ್ನೆಲೆಯ ನಡುವೆ ಅಕ್ಷರ ಮತ್ತು ಅಂಕಿಗಳನ್ನು ಬೇಗಬೇಗ ತೋರಿಸಿ, ಅಂಕಿ ಬಂದಾಗಲೆಲ್ಲ ಗುರುತಿಸುವ ಕೆಲಸ ಕೊಟ್ಟಾಗ, ಕಣ್ಣಿಗೆ ಬಿದ್ದ ಚಲನೆ ಅಷ್ಟೇ ಇದ್ದರೂ ಅನಂತರದ ಭ್ರಮೆಯ ಅವಧಿ ಗಮನಾರ್ಹವಾಗಿ ಕುಗ್ಗಿತು. 1997ರಲ್ಲಿ ಗೆರೈಂಟ್ ರೀಸ್, ಕ್ರಿಸ್ ಫ್ರಿತ್ ಮತ್ತು ನಿಲಿ ಲಾವಿ ಮಿದುಳಿನ ಚಿತ್ರಣದ ಮೂಲಕ ಇದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು, ನಡುವಿನ ಕೆಲಸ ಕಠಿಣವಾದಷ್ಟೂ ಹಿನ್ನೆಲೆಯ ಚಲನೆಗೆ ಮಿದುಳಿನ ಸ್ಪಂದನೆ ತಗ್ಗುತ್ತದೆ ಎಂದು ತೋರಿಸಿದರು. ಪಠ್ಯಪುಸ್ತಕಗಳು ಪ್ರಶ್ನೆ ಮುಗಿಯಿತೆಂದು ಬರೆದುಕೊಂಡವು. ಆದರೆ 2011ರಲ್ಲಿ ಮೈಕೇಲ್ ಮಾರ್ಗನ್, ನೋಡುಗನು ಭ್ರಮೆ ನಿಂತಿತು ಎಂದು ಹೇಳುವ ಗಳಿಗೆಯನ್ನೇ ನಂಬುವ ಅಳತೆಯಲ್ಲಿ ಅವನ ನಿರೀಕ್ಷೆಯೂ ಬೆರೆಯುತ್ತದೆ ಎಂದು ಆಕ್ಷೇಪಿಸಿ, ಆ ಬೆರಕೆಯನ್ನು ತಡೆಯುವ ವಿಧಾನದಿಂದ ಅಳೆದು, ವೋಲ್ಗೆಮುಟ್ ಹೇಳಿದ್ದೇ ಸರಿ ಎಂದು ಘೋಷಿಸಿದರು. ವಿವಾದ ಇನ್ನೂ ತೀರಿಲ್ಲ. ನೂರು ವರ್ಷದ ಹಿಂದಿನ ವಿದ್ವಾಂಸನೊಬ್ಬನು ಹೀಗೆ ಮರಳಿ ಬರುವುದು ಶಾಸ್ತ್ರದ ಆರೋಗ್ಯದ ಲಕ್ಷಣ. ಗಮನ ಎಷ್ಟು ಕೆಳಗಿನ ಹಂತದವರೆಗೆ ಕೈ ಚಾಚಬಲ್ಲದು ಎಂಬ ಪ್ರಶ್ನೆಗೆ ಸುಲಭದ ಉತ್ತರವನ್ನು ಒಪ್ಪಿಕೊಳ್ಳುವವರು ಈ ಪ್ರಬಂಧಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಬೇಕು.

ಕಿವಿಯ ಮೇಲಿನ ಪ್ರಯೋಗಗಳಲ್ಲಿ ಚಿತ್ರ ಇದಕ್ಕಿಂತ ಸ್ಪಷ್ಟ. ಮದುವೆಮನೆಯ ಚಪ್ಪರದಲ್ಲಿ ಹತ್ತು ಕಡೆ ಮಾತು ನಡೆಯುತ್ತಿರುವಾಗ ಒಬ್ಬರ ಮಾತನ್ನು ಮಾತ್ರ ಹಿಡಿಯುವುದು ಹೇಗೆ ಸಾಧ್ಯ ಎಂಬ ಪ್ರಶ್ನೆಯನ್ನು 1953ರಲ್ಲಿ ಕಾಲಿನ್ ಚೆರಿ ಪ್ರಯೋಗಶಾಲೆಗೆ ತಂದರು. ಎರಡು ಕಿವಿಗಳಿಗೆ ಎರಡು ಬೇರೆ ಮಾತುಗಳನ್ನು ಕೇಳಿಸಿ, ಒಂದು ಕಿವಿಯ ಮಾತನ್ನು ಕೇಳಿದ ಹಾಗೆಯೇ ಗಟ್ಟಿಯಾಗಿ ಒಪ್ಪಿಸಲು ಹೇಳಿದಾಗ, ಇನ್ನೊಂದು ಕಿವಿಯಲ್ಲಿ ಗಂಡು ದನಿ ಹೆಣ್ಣು ದನಿಯಾದದ್ದು ಕೇಳುಗರಿಗೆ ತಿಳಿಯುತ್ತಿತ್ತು, ಇಂಗ್ಲಿಷ್ ಹೋಗಿ ಜರ್ಮನ್ ಬಂದದ್ದು ತಿಳಿಯುತ್ತಿರಲಿಲ್ಲ. ಗಮನ ಕೊಡದ ಕಿವಿ ಪೂರ್ತಿ ಮುಚ್ಚಿರುವುದಿಲ್ಲ ಎಂಬುದನ್ನು 1959ರಲ್ಲಿ ನೆವಿಲ್ ಮೊರೆ ತೋರಿಸಿದರು. ಆ ಕಿವಿಯಲ್ಲಿ ಕೇಳುಗರ ಸ್ವಂತ ಹೆಸರು ಬಂದಾಗ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿ ಅದನ್ನು ಹಿಡಿದರು. ಅದಕ್ಕಿಂತ ಕುತೂಹಲದ ಸಂಗತಿ 2001ರಲ್ಲಿ ಆಂಡ್ರ್ಯೂ ಕಾನ್ವೇ ಮತ್ತು ಸಂಗಡಿಗರು ಕಂಡದ್ದು. ಮಾಡುತ್ತಿರುವ ಕೆಲಸಕ್ಕೆ ಬೇಕಾದ ಮಾಹಿತಿಯನ್ನು ಆ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಡುವ ಸಾಮರ್ಥ್ಯಕ್ಕೆ ಕಾರ್ಯನಿರತ ಸ್ಮೃತಿ ಎನ್ನುತ್ತಾರೆ. ಅದು ಹೆಚ್ಚಾಗಿರುವವರಲ್ಲಿ ಶೇಕಡಾ 20ರಷ್ಟು ಮಂದಿಗೆ ಮಾತ್ರ ತಮ್ಮ ಹೆಸರು ಕೇಳಿಸಿತು, ಕಡಿಮೆ ಇರುವವರಲ್ಲಿ ಶೇಕಡಾ 65ರಷ್ಟು ಮಂದಿಗೆ ಕೇಳಿಸಿತು. ಹೆಚ್ಚು ಸಮರ್ಥರೆನಿಸಿದವರು ಹೆಚ್ಚು ಕೇಳಿಸಿಕೊಂಡವರಲ್ಲ, ಹೆಚ್ಚು ಬಿಟ್ಟವರು.

ಕಣ್ಣಿನ ವಿಷಯದಲ್ಲಿ ಇಂಥ ಬಿಡುವಿಕೆಗೆ ಅನವಧಾನ ಅಂಧತೆ ಎಂದು ಹೆಸರು. ಕಣ್ಣಿನೆದುರೇ ಇದ್ದ ವಸ್ತು ಗಮನ ಬೇರೆಡೆ ಇದ್ದ ಕಾರಣ ಕಾಣದೆ ಹೋಗುವುದು. ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ 1999ರಲ್ಲಿ ನಡೆಸಿದ, ಚೆಂಡು ಎಸೆಯುವವರ ನಡುವೆ ಗೊರಿಲ್ಲಾ ವೇಷಧಾರಿ ಹಾದುಹೋದದ್ದನ್ನು ಸುಮಾರು ಅರ್ಧದಷ್ಟು ನೋಡುಗರು ಕಾಣದೆ ಹೋದ ಪ್ರಯೋಗ ಈಗ ಎಲ್ಲರಿಗೂ ತಿಳಿದದ್ದೇ. ಅದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು 2013ರ ಪ್ರಯೋಗ. ಟ್ರಾಫ್ಟನ್ ಡ್ರೂ ಮತ್ತು ಸಂಗಡಿಗರು ಶ್ವಾಸಕೋಶದ ಸ್ಕ್ಯಾನ್ ಚಿತ್ರಗಳಲ್ಲಿ, ವೈದ್ಯರು ಹುಡುಕುವ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರವನ್ನು ಸೇರಿಸಿದಾಗ, ಅದೇ ಕೆಲಸದಲ್ಲಿ ನುರಿತ 24 ರೇಡಿಯಾಲಜಿ ತಜ್ಞರಲ್ಲಿ 20 ಮಂದಿ ಅದನ್ನು ಕಾಣಲಿಲ್ಲ. ಅವರಲ್ಲಿ ಹಲವರ ಕಣ್ಣು ನೇರವಾಗಿ ಅದರ ಮೇಲೆಯೇ ನಿಂತಿತ್ತು. ಇದನ್ನು ತಜ್ಞರ ಸೋಲೆಂದು ಓದುವುದು ತಪ್ಪು. ಅವರ ಕಣ್ಣು ಸಣ್ಣ ಬಿಳಿಯ ಗಂಟಿಗಾಗಿ ವರ್ಷಗಟ್ಟಲೆ ಪಳಗಿದ್ದು, ಅದಲ್ಲದ ಸಂಗತಿಯನ್ನು ವಿಚಾರಣೆಗೇ ತಾರದೆ ಬಿಡುವುದೇ ಆ ಪಳಗುವಿಕೆಯ ಸಾರ.

ಶಿರಸಿ ಸೀಮೆಯಲ್ಲಿ ಪಳಗಿದ ಕಣ್ಣಿಗೆ ಉದಾಹರಣೆ ಹುಡುಕಲು ಆಸ್ಪತ್ರೆಗೆ ಹೋಗಬೇಕಾಗಿಲ್ಲ. 1923ರಲ್ಲಿ ಸ್ಥಾಪನೆಯಾದ ತೋಟಗಾರರ ಸಹಕಾರಿ ಮಾರಾಟ ಸಂಘದಂಥ ಸಂಸ್ಥೆಗಳ ಅಂಗಳದಲ್ಲಿ ಅಡಿಕೆಯು ರಾಶಿ, ತಟ್ಟಿಬೆಟ್ಟೆ, ಚಾಲಿ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ಬೇರೆ ಬೇರೆ ದರಕ್ಕೆ ಮಾರಾಟವಾಗುತ್ತದೆ. ಹೊರಗಿನವರಿಗೆ ಒಂದೇ ತೆರನಾಗಿ ಕಾಣುವ ಕಾಯಿಗಳಲ್ಲಿ ಆರಿಸುವವರ ಕೈ ನಿಲ್ಲದೆ ಓಡಾಡುತ್ತದೆ. ಹೇಗೆ ಗುರುತಿಸುತ್ತೀರಿ ಎಂದು ಕೇಳಿದರೆ ಮೈ ಬಣ್ಣ, ಸುಕ್ಕು, ತೂಕ ಎಂದು ಎರಡು ಮೂರು ಮಾತು ಬರಬಹುದೇ ಹೊರತು ಇಡೀ ವಿವರಣೆ ಬರುವುದಿಲ್ಲ. ಬಾರದಿರುವುದು ಅಜ್ಞಾನದಿಂದಲ್ಲ. ಪುನಃಪುನಃ ನೋಡಿದ್ದರಿಂದ ಭೇದವನ್ನು ಹಿಡಿಯುವ ಶಕ್ತಿ ಸೂಕ್ಷ್ಮವಾಗುವುದನ್ನು ಗ್ರಹಿಕಾ ಕಲಿಕೆ ಎನ್ನುತ್ತಾರೆ. ಆ ಕಲಿಕೆ ಮುಂದುವರಿದಂತೆ ನಿರ್ಣಯವು ಮಾತಿನ ಹಿಡಿತದಿಂದ ಜಾರಿ ಕಣ್ಣು ಕೈಗಳಿಗೆ ಇಳಿಯುತ್ತದೆ. 1977ರಲ್ಲಿ ರಿಚರ್ಡ್ ಶಿಫ್ರಿನ್ ಮತ್ತು ವಾಲ್ಟರ್ ಶ್ನೈಡರ್ ಅಕ್ಷರಗಳನ್ನು ಹುಡುಕುವ ಕೆಲಸವನ್ನು ಸಾವಿರಾರು ಸಲ ಮಾಡಿಸಿ, ಮೊದಲು ಗಮನವನ್ನೆಲ್ಲ ಬೇಡುತ್ತಿದ್ದ ಹುಡುಕಾಟ ಕ್ರಮೇಣ ತಾನಾಗಿ ನಡೆಯುವುದನ್ನು ತೋರಿಸಿದರು. ಅದಕ್ಕೆ ತೆರಬೇಕಾದ ಬೆಲೆಯನ್ನೂ ಅವರೇ ತೋರಿಸಿದರು: ಹುಡುಕಬೇಕಾದ ಅಕ್ಷರಗಳನ್ನೂ ಬಿಡಬೇಕಾದ ಅಕ್ಷರಗಳನ್ನೂ ಅದಲುಬದಲು ಮಾಡಿದಾಗ, ಪಳಗಿದವರ ಸ್ಥಿತಿ ಕಲಿಕೆಯ ಮೊದಲ ದಿನಕ್ಕಿಂತಲೂ ಕೆಟ್ಟಿತು.

ಇನ್ನೊಂದು ಬೆಲೆ ಅಪರೂಪಕ್ಕೆ ಸಂಬಂಧಿಸಿದ್ದು. ಜೆರೆಮಿ ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ವಿಮಾನನಿಲ್ದಾಣದ ಸಾಮಾನು ತಪಾಸಣೆಯನ್ನು ಹೋಲುವ ಚಿತ್ರಗಳನ್ನು ತೋರಿಸಿದಾಗ, ಹುಡುಕುವ ವಸ್ತು ನೂರರಲ್ಲಿ 50 ಚಿತ್ರಗಳಲ್ಲಿದ್ದರೆ ನೋಡುಗರು ಅದನ್ನು ಶೇಕಡಾ 7ರಷ್ಟು ಸಲ ಮಾತ್ರ ತಪ್ಪಿಸಿಕೊಂಡರು, ನೂರರಲ್ಲಿ ಒಂದೇ ಚಿತ್ರದಲ್ಲಿದ್ದರೆ ಶೇಕಡಾ 30ರಷ್ಟು ಸಲ ತಪ್ಪಿಸಿಕೊಂಡರು. ಸಿಗದ ವಸ್ತುವನ್ನು ಮನಸ್ಸು ಬೇಗ ಕೈಬಿಡುತ್ತದೆ. ಕೀಳು ದರ್ಜೆಯ ಕೋಕಾ ತುಂಬಿದ ಚೀಲದಲ್ಲಿ ಕೋಕಾವನ್ನು ಆರಿಸುವುದಕ್ಕಿಂತ ಒಳ್ಳೆಯ ಚಾಲಿಯ ರಾಶಿಯಲ್ಲಿ ಅಡಗಿದ ಒಂದು ಕೋಕಾವನ್ನು ಹಿಡಿಯುವುದು ಕಷ್ಟವೇ ಎಂಬುದನ್ನು ಇದೇ ರೀತಿ ಎಣಿಸಿ ನೋಡಬಹುದು; ಅದಕ್ಕೆ ಬೇಕಾಗಿರುವುದು ಒಂದು ಚೀಲ ಅಡಿಕೆ, ಒಂದು ಗಡಿಯಾರ ಮತ್ತು ತಾಳ್ಮೆ.

ಮನಸ್ಸು ಒಂದು ಹೊತ್ತಿಗೆ ಎಷ್ಟನ್ನು ಹಿಡಿಯಬಲ್ಲದು ಎಂಬ ಪ್ರಶ್ನೆ ಭಾರತೀಯ ದರ್ಶನಗಳಿಗೆ ಹೊಸದಲ್ಲ. ಗೌತಮನ ನ್ಯಾಯಸೂತ್ರದ ಮೊದಲ ಅಧ್ಯಾಯದಲ್ಲಿಯೇ, ಅನೇಕ ಜ್ಞಾನಗಳು ಏಕಕಾಲಕ್ಕೆ ಹುಟ್ಟದಿರುವುದೇ ಮನಸ್ಸು ಎಂಬ ಒಳಗಿನ ಇಂದ್ರಿಯ ಇದೆ ಎಂಬುದಕ್ಕೆ ಗುರುತು ಎಂಬ ವಾದವಿದೆ. ಕಣ್ಣು, ಕಿವಿ, ಮೂಗುಗಳು ಏಕಕಾಲಕ್ಕೆ ತಮ್ಮ ತಮ್ಮ ವಿಷಯಗಳಿಗೆ ತಾಗಿದ್ದರೂ ಜ್ಞಾನ ಒಂದೊಂದಾಗಿಯೇ ಹುಟ್ಟುವುದಾದರೆ, ನಡುವೆ ಅಣುವಿನಷ್ಟು ಚಿಕ್ಕದಾದ, ಒಂದು ಸಲಕ್ಕೆ ಒಂದೇ ಇಂದ್ರಿಯವನ್ನು ಸೇರಬಲ್ಲ ಮನಸ್ಸು ಇರಬೇಕು ಎಂಬುದು ನೈಯಾಯಿಕರ ತರ್ಕ. ಎದುರಾಳಿಗಳ ಆಕ್ಷೇಪಕ್ಕೆ ಬಳಕೆಯಾದ ಉದಾಹರಣೆ ಇಂದಿಗೂ ರುಚಿ ಕಳೆದುಕೊಂಡಿಲ್ಲ: ಉದ್ದನೆಯ ಶಷ್ಕುಲಿಯನ್ನು, ಅಂದರೆ ಚಕ್ಕುಲಿಯ ಹಿರಿಯನಾದ ಕರಿದ ತಿಂಡಿಯನ್ನು, ತಿನ್ನುವವನಿಗೆ ಅದರ ಬಣ್ಣ, ಪರಿಮಳ, ರುಚಿ, ಸ್ಪರ್ಶ, ಮುರಿಯುವ ಸದ್ದು ಐದೂ ಒಟ್ಟಿಗೆ ತಿಳಿಯುವುದಿಲ್ಲವೇ? ಒಟ್ಟಿಗೆ ಎಂಬುದು ವೇಗದಿಂದಾದ ಭ್ರಮೆ, ಒಂದರ ಮೇಲೊಂದಿಟ್ಟ ನೂರು ತಾವರೆಯ ದಳಗಳನ್ನು ಸೂಜಿ ಚುಚ್ಚಿದಾಗ ಎಲ್ಲವೂ ಏಕಕಾಲಕ್ಕೆ ತೂತಾದಂತೆ ತೋರಿದರೂ ಒಂದಾದ ಮೇಲೊಂದು ತೂತಾಗಿರುತ್ತದೆ ಎಂಬುದು ನೈಯಾಯಿಕರ ಉತ್ತರ. ಚೌತಿಗೆ ಮುನ್ನ ಊರೆಲ್ಲ ಸೇರಿ ಚಕ್ಕುಲಿ ಕಂಬಳ ಮಾಡುವ ಈ ಸೀಮೆಯಲ್ಲಿ ಆ ವಾದಕ್ಕೆ ಸಾಮಗ್ರಿಯ ಕೊರತೆಯಂತೂ ಇಲ್ಲ.

ದಳಗಳ ನಡುವಿನ ಕಾಲವನ್ನು ಅಳೆಯುವ ಉಪಾಯ ಹಿಂದಿನವರಿಗೆ ಇರಲಿಲ್ಲ. ಅಳತೆ ಬಂದ ಮೇಲೆ, ಎರಡು ಸೂಚನೆಗಳನ್ನು ಬಹಳ ಹತ್ತಿರ ಹತ್ತಿರದಲ್ಲಿ ಕೊಟ್ಟು ಎರಡಕ್ಕೂ ಬೇರೆ ಬೇರೆ ಉತ್ತರ ಬೇಡಿದರೆ ಎರಡನೆಯ ಉತ್ತರ ತಡವಾಗುತ್ತದೆ ಎಂಬುದು ಸ್ಥಿರಪಟ್ಟಿತು. 1952ರಲ್ಲಿ ಆಲನ್ ವೆಲ್ಫರ್ಡ್ ಇದನ್ನು ಸಿದ್ಧಾಂತವಾಗಿ ರೂಪಿಸಿದರು, 1990ರ ದಶಕದಲ್ಲಿ ಹೆರಾಲ್ಡ್ ಪ್ಯಾಶ್ಲರ್ ಆ ಇಕ್ಕಟ್ಟು ಎಲ್ಲಿದೆ ಎಂದು ಶೋಧಿಸಿ, ಮುಖ್ಯ ತಡೆಯಿರುವುದು ನೋಡುವುದರಲ್ಲಾಗಲಿ ಕೇಳುವುದರಲ್ಲಾಗಲಿ ಅಲ್ಲ, ಏನು ಮಾಡಬೇಕೆಂದು ನಿರ್ಧರಿಸುವ ಹಂತದಲ್ಲಿ ಎಂದು ವಾದಿಸಿದರು. ಹಾಗಾದರೆ ನ್ಯಾಯದರ್ಶನವೂ ಅದರ ಎದುರಾಳಿಯೂ ಅರ್ಧರ್ಧ ಗೆದ್ದಂತೆ. ಚಕ್ಕುಲಿಯನ್ನು ಸವಿಯುವಾಗ ಯಾವ ನಿರ್ಧಾರವೂ ಬೇಡ, ಇಂದ್ರಿಯಗಳ ಕೆಲಸ ಬಹುಪಾಲು ಜೊತೆಜೊತೆಯಾಗಿ ಸಾಗಬಲ್ಲದು. ಎರಡು ಕಡೆ ಆಯ್ಕೆ ಮಾಡಬೇಕಾದಾಗ ಮಾತ್ರ ಮನಸ್ಸು ಅಣುವಾಗುತ್ತದೆ.

ಇಲ್ಲಿ ಅವಧಾನಕಲೆ ಎದುರಾಗುತ್ತದೆ. ಮನಸ್ಸು ಅಣುವಲ್ಲ, ಎಂಟು ಕಡೆಗೂ ಏಕಕಾಲಕ್ಕೆ ಹರಿಯಬಲ್ಲದು ಎಂಬುದಕ್ಕೆ ಅಷ್ಟಾವಧಾನವನ್ನೇ ಸಾಕ್ಷಿಯಾಗಿ ತೋರಿಸುವುದು ರೂಢಿ. ಕನ್ನಡದಲ್ಲಿ ಈ ಕಲೆಗೆ ಹೊಸ ಜೀವ ತಂದ ಶತಾವಧಾನಿ ಡಾ. ಆರ್. ಗಣೇಶ್ ಸಾವಿರಕ್ಕೂ ಮಿಕ್ಕಿ ಅಷ್ಟಾವಧಾನಗಳನ್ನು ನಡೆಸಿದ್ದಾರೆ, 2012ರಲ್ಲಿ ಬೆಂಗಳೂರಿನಲ್ಲಿ ಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನವನ್ನು ನಿರ್ವಹಿಸಿದ್ದಾರೆ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು, ಅಂದರೆ ಪ್ರಶ್ನೆ ಒಡ್ಡುವವರು, ಅವಧಾನಿಯ ಸುತ್ತ ಕುಳಿತಿರುತ್ತಾರೆ. ನಿಷೇಧಾಕ್ಷರಿಯವರು ಪದ್ಯದ ಪ್ರತಿ ಹೆಜ್ಜೆಗೂ ಮುಂದಿನ ಅಕ್ಷರ ಇಂಥದ್ದು ಕೂಡದು ಎನ್ನುತ್ತಾರೆ, ಸಮಸ್ಯಾಪೂರಣದವರು ಅಸಂಗತವಾದ ಕೊನೆಯ ಸಾಲನ್ನು ಕೊಡುತ್ತಾರೆ, ದತ್ತಪದಿಯವರು ಪದ್ಯದಲ್ಲಿ ಬರಲೇಬೇಕಾದ ಪದಗಳನ್ನು ಕೊಡುತ್ತಾರೆ, ಸಂಖ್ಯಾಬಂಧದವರು ಮಾಯಾಚೌಕದ ಯಾವುದೋ ಮನೆಯ ಅಂಕಿಯನ್ನು ನಡುನಡುವೆ ಕೇಳುತ್ತಾರೆ, ಅಪ್ರಸ್ತುತ ಪ್ರಸಂಗದವರಂತೂ ಹರಟೆಯಿಂದ ಅವಧಾನಿಯ ಚಿತ್ತ ಕದಡುವುದನ್ನೇ ಕೆಲಸ ಮಾಡಿಕೊಂಡಿರುತ್ತಾರೆ.

ಸಭಿಕರ ಬೆರಗು ಸಹಜ. ಆದರೆ ಕ್ರಮವನ್ನು ಸಾವಧಾನವಾಗಿ ನೋಡಿದರೆ ಅವಧಾನಿಯು ಯಾವ ಗಳಿಗೆಯಲ್ಲಿಯೂ ಎಂಟು ಕೆಲಸ ಮಾಡುತ್ತಿಲ್ಲ. ಸುತ್ತು ಒಂದೊಂದಾಗಿ ಬರುತ್ತದೆ, ಪ್ರತಿ ಸುತ್ತಿನಲ್ಲಿ ಒಬ್ಬ ಪೃಚ್ಛಕರಿಗೆ ಪದ್ಯದ ಒಂದು ಪಾದ ಮಾತ್ರ ಸಲ್ಲುತ್ತದೆ, ಅದನ್ನು ಅಲ್ಲಿಯೇ ಇಟ್ಟು ಮುಂದಿನವರ ಕಡೆ ತಿರುಗಬೇಕು, ಮರಳಿ ಬಂದಾಗ ಬಿಟ್ಟ ಎಳೆಯನ್ನು ಹಾಗೆಯೇ ಎತ್ತಿಕೊಳ್ಳಬೇಕು, ಕೊನೆಗೆ ಧಾರಣದಲ್ಲಿ ಎಲ್ಲ ಪದ್ಯಗಳನ್ನೂ ಇಡಿಯಾಗಿ ಒಪ್ಪಿಸಬೇಕು. ಇದು ಏಕಕಾಲದ ಕಲೆಯಲ್ಲ, ಬಿಟ್ಟು ಹಿಡಿಯುವ ಕಲೆ. ಆ ಬಿಡುವಿಕೆ ಸಾಧ್ಯವಾಗುವುದು ಛಂದಸ್ಸಿನಿಂದ, ಪ್ರಾಸದಿಂದ, ಪುರಾಣ ಕಥೆಗಳ ಸಿದ್ಧ ಚೌಕಟ್ಟಿನಿಂದ. ವೃತ್ತದ ಗುರು ಲಘುಗಳ ಕ್ರಮ ಉಸಿರಿನಷ್ಟು ಸಹಜವಾಗಿರುವವನಿಗೆ ಆಯಾ ಸ್ಥಾನಕ್ಕೆ ಸಲ್ಲುವ ಪದಗಳು ಕೆಲವೇ ಉಳಿಯುತ್ತವೆ. ಅರ್ಧ ಪದ್ಯವೂ ಒಂದು ಅರ್ಥಪೂರ್ಣ ಘಟಕವಾಗಿ ದೀರ್ಘಕಾಲಿಕ ಸ್ಮೃತಿಯಲ್ಲಿ ನೆಲೆಸುತ್ತದೆ. ಕಾರ್ಯನಿರತ ಸ್ಮೃತಿ ಒಂದು ಹೊತ್ತಿಗೆ ನಾಲ್ಕರಷ್ಟು ಘಟಕಗಳನ್ನು ಹಿಡಿಯುತ್ತದೆ ಎಂದು 2001ರಲ್ಲಿ ನೆಲ್ಸನ್ ಕೋವನ್ ವಾದಿಸಿದರು. ಅವಧಾನಿಯಲ್ಲಿ ಆ ನಾಲ್ಕು ನಲವತ್ತಾಗಿರುವುದಿಲ್ಲ, ಪ್ರತಿ ಘಟಕದೊಳಗಿನ ಸಾಮಗ್ರಿ ದೊಡ್ಡದಾಗಿರುತ್ತದೆ. ಹೀಗೆ ಉಳಿಸಿದ ಗಮನವನ್ನೆಲ್ಲ ಪೂರ್ವಸಿದ್ಧತೆಗೆ ಎಡೆಯೇ ಇಲ್ಲದ ನಿಷೇಧಾಕ್ಷರಿಗೆ ಸುರಿಯಬಹುದು. ಇದರಿಂದ ಕಲೆಯ ಘನತೆ ಕುಗ್ಗುವುದಿಲ್ಲ. ಹುಟ್ಟಿನಿಂದ ಬಂದ ಅದ್ಭುತ ಶಕ್ತಿ ಎಂದು ಕೈಮುಗಿಯುವುದಕ್ಕಿಂತ, ದಶಕಗಳ ವ್ಯಾಸಂಗ ಕಟ್ಟಿದ ರಚನೆ ಎಂದು ಅರ್ಥಮಾಡಿಕೊಳ್ಳುವುದೇ ಹೆಚ್ಚಿನ ಗೌರವ.

ಈ ವಿವರಣೆಗೆ ಕರಾವಳಿಯಿಂದಲೇ ಒಂದು ಸಾಕ್ಷಿಯಿದೆ. ಮಂಗಳೂರಿನಲ್ಲಿ ಬೆಳೆದ ರಾಜನ್ ಮಹಾದೇವನ್ 1981ರ ಜುಲೈ 5ರಂದು ಅದೇ ಊರಿನಲ್ಲಿ ಪೈ ಸಂಖ್ಯೆಯ 31,811 ಅಂಕಿಗಳನ್ನು ತಪ್ಪಿಲ್ಲದೆ ಒಪ್ಪಿಸಿ ವಿಶ್ವದಾಖಲೆ ಮಾಡಿದರು. ಅನಂತರ ಅಮೆರಿಕದ ಮನೋವಿಜ್ಞಾನಿಗಳು ಅವರನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಅವರ ಸ್ಮೃತಿಯ ಮೂಲ ಸಾಮರ್ಥ್ಯವೇ ಜನ್ಮತಃ ದೊಡ್ಡದು ಎಂದು ಮೊದಲ ಸಂಶೋಧಕರು ಭಾವಿಸಿದರು. ಆದರೆ 2004ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಅಂಕಿಗಳ ಬದಲು ಅಪರಿಚಿತ ಚಿಹ್ನೆಗಳನ್ನು ಕೊಟ್ಟು ನೋಡಿದಾಗ ಅವರ ನೆನಪಿನ ವ್ಯಾಪ್ತಿ ಸಾಮಾನ್ಯ ವಿದ್ಯಾರ್ಥಿಗಳಷ್ಟೇ ಇತ್ತು. ಎರಿಕ್ಸನ್ 1980ರಲ್ಲಿಯೇ ಇದಕ್ಕೆ ಹೋಲುವ ಫಲಿತಾಂಶ ಕಂಡಿದ್ದರು: ಸಾಧಾರಣ ವಿದ್ಯಾರ್ಥಿಯೊಬ್ಬ ಸುಮಾರು 230 ಗಂಟೆಗಳ ಅಭ್ಯಾಸದಿಂದ, ಓಟದ ಸ್ಪರ್ಧೆಗಳ ಸಮಯಗಳನ್ನಾಗಿ ಅಂಕಿಗಳನ್ನು ಗುಂಪು ಕಟ್ಟಿಕೊಂಡು, 7 ಅಂಕಿಗಳಿಂದ 79 ಅಂಕಿಗಳವರೆಗೆ ಏರಿದ; ಅಕ್ಷರಗಳನ್ನು ಕೊಟ್ಟಾಗ ಮತ್ತೆ ಆರಕ್ಕೆ ಇಳಿದ. ಮಕ್ಕಳ ಏಕಾಗ್ರತೆಯನ್ನೇ ಒಟ್ಟಾರೆಯಾಗಿ ಹೆಚ್ಚಿಸುತ್ತೇವೆ ಎಂದು ಹಣ ಕೇಳುವ ತರಬೇತಿಗಳ ಮಾತನ್ನು ಈ ಎರಡು ಫಲಿತಾಂಶಗಳ ಮುಂದಿಟ್ಟು ನೋಡುವುದು ಪೋಷಕರಿಗೆ ಹಿತ.

ಕರ್ನಾಟಕದಲ್ಲಿ ಈ ಶಾಸ್ತ್ರಕ್ಕೆ ನೂರು ವರ್ಷದ ಹಿನ್ನೆಲೆಯಿದೆ. ಮೈಸೂರು ವಿಶ್ವವಿದ್ಯಾನಿಲಯದ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್ಮನ್ನರ ಬಳಿ ಕಲಿತವರು. ಅವರೇ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಎಂಬ ಬಾನುಲಿಯನ್ನು ಆರಂಭಿಸಿದರು ಎಂಬುದನ್ನು ನೆನೆದರೆ, ಕೇಳುಗರ ಗಮನ ಎಂಬ ವಿಷಯ ಅವರಿಗೆ ಪ್ರಯೋಗಶಾಲೆಯಾಚೆಗೂ ಹರಡಿತ್ತೆನ್ನಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ನರಮನೋವೈಜ್ಞಾನಿಕ ಪರೀಕ್ಷಾಮಾಲೆಯಲ್ಲಿ, ಹಂಚಿಹೋದ ಗಮನವನ್ನು ಅಳೆಯಲು, ಮೂರು ಪದಗಳಲ್ಲಿ ಹೊಂದದ್ದನ್ನು ಹೇಳುತ್ತಲೇ ಸ್ಪರ್ಶದಿಂದ ಅಂಕಿಯನ್ನೂ ಗುರುತಿಸಬೇಕಾದ ಪರೀಕ್ಷೆಯೊಂದಿದೆ. ಅದರ ಮಾನದಂಡಗಳನ್ನು ವಯಸ್ಸು ಮತ್ತು ಶಾಲಾಶಿಕ್ಷಣದ ಮಟ್ಟಗಳಿಗೆ ತಕ್ಕಂತೆ, ಶಾಲೆಗೆ ಹೋಗದವರನ್ನೂ ಒಳಗೊಂಡು, ಬೇರೆ ಬೇರೆಯಾಗಿ ಕೊಟ್ಟಿರುವುದು ಮುಖ್ಯ. ಅಕ್ಷರಸ್ಥರ ಅಳತೆಗೋಲಿನಿಂದ ಅನಕ್ಷರಸ್ಥರ ಮನಸ್ಸನ್ನು ಅಳೆದು ಕುಂದು ಹುಡುಕುವ ಹಳೆಯ ತಪ್ಪಿಗೆ ಅದು ತಡೆ.

ದಿನಬಳಕೆಯಲ್ಲಿ ಈ ಎಲ್ಲ ಸಂಶೋಧನೆಯ ಫಲ ಅತ್ಯಂತ ತುರ್ತಾಗಿ ಬೇಕಾಗಿರುವುದು ರಸ್ತೆಯಲ್ಲಿ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಲ್ಲಾಗಲಿ, ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಾಗಲಿ ವಾಹನ ನಡೆಸುವುದು ಬಹುಪಾಲು ಕೈಕಾಲುಗಳಿಗೆ ಒಪ್ಪಿಸಿದ, ಪಳಗಿದ ಕೆಲಸ. ತಿರುವಿನಾಚೆಯ ಲಾರಿ ಮಾತ್ರ ಪ್ರತಿ ಸಲವೂ ಹೊಸ ನಿರ್ಧಾರವನ್ನು ಬೇಡುತ್ತದೆ. 1997ರಲ್ಲಿ ಡೊನಾಲ್ಡ್ ರೆಡೆಲ್ಮೇಯರ್ ಮತ್ತು ರಾಬರ್ಟ್ ಟಿಬ್ಶಿರಾನಿ ಟೊರೊಂಟೋದಲ್ಲಿ ಅಪಘಾತಕ್ಕೊಳಗಾದ 699 ಚಾಲಕರ ದೂರವಾಣಿ ದಾಖಲೆಗಳನ್ನು ಪರಿಶೀಲಿಸಿ, ಮೊಬೈಲಿನಲ್ಲಿ ಮಾತನಾಡುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂದು ಕಂಡರು. ಫೋನನ್ನು ಕೈಯಲ್ಲಿ ಹಿಡಿಯದೆ ಮಾತನಾಡುವವರು ಹೆಚ್ಚು ಸುರಕ್ಷಿತರು ಎಂಬುದಕ್ಕೆ ಆಧಾರ ಸಿಗಲಿಲ್ಲ. 2001ರಲ್ಲಿ ಡೇವಿಡ್ ಸ್ಟ್ರೇಯರ್ ಮತ್ತು ವಿಲಿಯಂ ಜಾನ್ಸ್ಟನ್ ನಡೆಸಿದ ಪ್ರಯೋಗದಲ್ಲಿಯೂ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ, ರೇಡಿಯೊ ಕೇಳುವುದರಿಂದ ಹಾನಿಯೂ ಆಗಲಿಲ್ಲ. ತಡೆಯಿರುವುದು ಕೈಯಲ್ಲಲ್ಲ, ಆಯ್ಕೆ ಮಾಡುವ ಮನಸ್ಸಿನಲ್ಲಿ. ಮಾತಿಗೆ ಮರುಮಾತು ಹುಡುಕುವುದೂ ತಿರುವಿನಲ್ಲಿ ಬ್ರೇಕ್ ಹಾಕುವುದನ್ನು ನಿರ್ಧರಿಸುವುದೂ ಅದೇ ಇಕ್ಕಟ್ಟಾದ ಬಾಗಿಲಿನಲ್ಲಿ ಹಾಯಬೇಕು. ಮಾತಿನಿಂದ ಚಾಲನೆ ಕೆಡದವರು ಇಲ್ಲವೇ ಇಲ್ಲ ಎನ್ನಲಾಗದು, 2010ರಲ್ಲಿ ಜೇಸನ್ ವಾಟ್ಸನ್ ಮತ್ತು ಸ್ಟ್ರೇಯರ್ 200 ಮಂದಿಯನ್ನು ಪರೀಕ್ಷಿಸಿ ಶೇಕಡಾ 2.5ರಷ್ಟು ಅಂಥವರನ್ನು ಗುರುತಿಸಿದರು; ಆ ಎಣಿಕೆಯಲ್ಲಿ ತಾನಿದ್ದೇನೆ ಎಂದು ನಂಬಿರುವವರ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದಿದ್ದೀತು.

ಪಕ್ಕದ ಸೀಟಿನಲ್ಲಿ ಕುಳಿತವರೊಡನೆ ಆಡುವ ಮಾತೂ ಮಾತೇ ಅಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. 2008ರಲ್ಲಿ ಫ್ರಾಂಕ್ ಡ್ರೂಸ್, ಮೋನಿಷಾ ಪಸುಪತಿ ಮತ್ತು ಸ್ಟ್ರೇಯರ್ ಇವೆರಡನ್ನೂ ಹೋಲಿಸಿ, ಹೆದ್ದಾರಿಯಲ್ಲಿ ಒಂದು ಗೊತ್ತಾದ ಕಡೆ ಹೊರಳಿ ವಾಹನ ನಿಲ್ಲಿಸಬೇಕೆಂದು ಹೇಳಿದಾಗ, ಪ್ರಯಾಣಿಕರೊಡನೆ ಮಾತನಾಡುತ್ತಿದ್ದವರಲ್ಲಿ ಹೆಚ್ಚಿನವರು ಸರಿಯಾಗಿ ಹೊರಳಿದರು, ಫೋನಿನಲ್ಲಿ ಮಾತನಾಡುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆ ತಿರುವನ್ನು ದಾಟಿ ಮುಂದೆ ಹೋಗಿದ್ದರು. ಪಕ್ಕದಲ್ಲಿದ್ದವರು ರಸ್ತೆಯನ್ನು ತಾವೂ ನೋಡುತ್ತಾರೆ, ವಾಹನಗಳು ದಟ್ಟವಾದಾಗ ಮಾತನ್ನು ಸರಳಗೊಳಿಸುತ್ತಾರೆ, ಎಷ್ಟೋ ಸಲ ರಸ್ತೆಯ ಬಗ್ಗೆಯೇ ಮಾತೆತ್ತುತ್ತಾರೆ. ದೇವಿಮನೆಯ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದದ್ದನ್ನು ಕಂಡು ಪಕ್ಕದವರು ಅರ್ಧಕ್ಕೇ ಮಾತು ನಿಲ್ಲಿಸುತ್ತಾರೆ. ಬೆಂಗಳೂರಿನಿಂದ ಕರೆ ಮಾಡಿದವರು ಅದೇ ಗಳಿಗೆಯಲ್ಲಿ ಅಡಿಕೆಯ ದರ ಎಷ್ಟಾಯಿತು ಎಂದು ಕೇಳಿ ಉತ್ತರಕ್ಕಾಗಿ ಕಾಯುತ್ತಿರುತ್ತಾರೆ.